ಅಣ್ಣನ ಹೊಗೆ, ಅಮ್ಮನ ಕುಕ್ಕರ್

ಸ್ನೇಹಿತರೇ, ಇಂದು ನಮ್ಮ ಮನೆಯ ಮರ್ಯಾದೆ ಉಳಿಸಿದ್ದು ಒಂದು ಖಾಲಿ ಮಿಕ್ಸಿ.

ಅಣ್ಣನನ್ನು ನೋಡಲು ಮುಂಡಾಜೆಯಿಂದ ಹುಡುಗಿಯ ಮನೆಯವರು ಬಂದಿದ್ದರು. ಅಣ್ಣ ಬೆಳಿಗ್ಗೆಯೇ ಹಿತ್ತಿಲ ಗ್ರಿಲ್ಲಿನಲ್ಲಿ ಹಂದಿಯ ಪಕ್ಕೆಲುಬು, ಹೊಟ್ಟೆ, ಭುಜ ಮೂರನ್ನೂ ಒಟ್ಟಿಗೆ ಹೊಗೆಗೆ ಇಟ್ಟಿದ್ದ. “ಮುಚ್ಚಳ ಯಾರೂ ತೆಗೀಬಾರದು” ಎಂದು ಹೇಳಿ ಅತಿಥಿಗಳ ಬಳಿ ಹೋಗಿ ಕುಳಿತ.

ಅಮ್ಮ ತೆಗೆದರು. ಪಕ್ಕೆಲುಬು, ಹೊಟ್ಟೆ ಎರಡೂ ಬೆಂದಿದ್ದವು. ಭುಜದ ದಪ್ಪ ತುಂಡು ಮಾತ್ರ ಒಳಗೆ ಇನ್ನೂ ಹಸಿಯಾಗಿತ್ತು.

“ಇದನ್ನು ಬಡಿಸಿದ್ರೆ ಸಂಬಂಧ ಉಳೀತದಾ? ನೀನು ಬಾಗಿಲಲ್ಲಿ ನಿಲ್ಲು, ನಾನು ಕುಕ್ಕರಿಗೆ ಹಾಕ್ತೇನೆ” ಎಂದು ನನಗೆ ಪಿಸುಗುಟ್ಟಿದರು.

ಪ್ರತಿ ವಿಸಿಲಿಗೂ ಸದ್ದು ಹೊರಗೆ ಕೇಳದಂತೆ ಅಮ್ಮ ಖಾಲಿ ಮಿಕ್ಸಿ ತಿರುಗಿಸಿದರು. ಆರು ವಿಸಿಲಾದ ಮೇಲೆ ಭುಜ ಗ್ರಿಲ್ಲಿಗೆ ಮರಳಿತು.

ಊಟಕ್ಕೆ ಕುಳಿತ ಹುಡುಗಿಯ ತಂದೆ ಅದನ್ನೇ ಮೂರು ಸಲ ಹಾಕಿಸಿಕೊಂಡರು. “ಎಂಥ ಮೆತ್ತಗೆ ಉಂಟು ಮಾರಾಯ್ರೆ! ಹೇಗೆ ಮಾಡಿದ್ದು?”

“ಬರೀ ಹೊಗೆ ಅಂಕಲ್. ತಾಳ್ಮೆ ಬೇಕು ಅಷ್ಟೆ,” ಎಂದ ಅಣ್ಣ.

“ಹಾಗಾದ್ರೆ ನಿಶ್ಚಿತಾರ್ಥಕ್ಕೂ ನೀವೇ ಮಾಡಿ. ನೂರು ಜನ ಆಗ್ತಾರೆ.”

ಸಂಬಂಧ ಕುದುರಿತು. ಅಣ್ಣ ಈಗ ಇನ್ನೊಂದು ಗ್ರಿಲ್ ಹುಡುಕುತ್ತಿದ್ದಾನೆ. ಅಮ್ಮ ನೆರೆಮನೆಗಳಲ್ಲಿ ದೊಡ್ಡ ಕುಕ್ಕರ್ ಕೇಳುತ್ತಿದ್ದಾರೆ.