ಇಬ್ಬರನ್ನೂ ಬ್ಯಾರೆ ಮಾಡ್ರಿ

ಕೊರೊನಾ ಭಯ ಇಳಿದು, ಜನ ಮಾಸ್ಕ್ ತೆಗೆದು, ಒಬ್ಬರ ಮುಖದ ಮೇಲೊಬ್ಬರು ಮತ್ತೆ ನಿಶ್ಚಿಂತೆಯಿಂದ ಕೆಮ್ಮತೊಡಗಿದ ವರ್ಷ ಅದು. ಧಾರವಾಡ ಬಿಟ್ಟು ಬಂದ ನಾನು ವಾಸ್ಕೋದಲ್ಲಿ ಸಾಕುಪ್ರಾಣಿಗಳ ದವಾಖಾನೆ ನಡೆಸುತ್ತಿದ್ದೆ. ಪ್ರಾಣಿಗಳ ಜೊತೆ ನನಗೆಂದೂ ಜಗಳವಾಗಿಲ್ಲ. ಕಚ್ಚುವ ನಾಯಿಯ ಬಾಯಿ ಕಟ್ಟಬಹುದು, ಅದರ ಮಾಲೀಕರ ಬಾಯಿ ಕಟ್ಟುವುದನ್ನು ನಮ್ಮ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ.

ಬಂದರಿನ ಹತ್ತಿರದ ಫ್ಲ್ಯಾಟೊಂದರಲ್ಲಿ ನಮ್ಮ ಕಡೆಯ ಅಣ್ಣ-ತಮ್ಮಂದಿರ ಕುಟುಂಬವಿತ್ತು. ಅಣ್ಣನ ಹೆಂಡತಿ ಸುಮಿತ್ರಾಬಾಯಿ ಕಾಶಿ ಎಂಬ ಬೂದುಬಣ್ಣದ ದೊಡ್ಡ ಬೆಕ್ಕು ಸಾಕಿದ್ದರು. ತಮ್ಮನ ಹೆಂಡತಿ ವಿದ್ಯಾಳದು ಸೋನಿ ಎಂಬ ಮರಿ. ವೆರ್ಣಾದಲ್ಲಿ ಕಂಪನಿ ಬಸ್ಸು ನಿಲ್ಲುವ ಜಾಗದಲ್ಲಿ ಸಿಕ್ಕಿದ್ದನ್ನು ಅವಳ ಗಂಡ ಟಿಫಿನ್ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಹೆಂಗಸರಿಬ್ಬರದು ಹಾವು-ಮುಂಗುಸಿಯ ಸಂಬಂಧ. ಬೆಕ್ಕುಗಳು ಮಾತ್ರ ಒಂದೇ ತಾಟಿನಲ್ಲಿ ಹಾಲನ್ನ ತಿಂದು, ಒಂದರ ಮೈ ಇನ್ನೊಂದು ನೆಕ್ಕಿ ಮಲಗುತ್ತಿದ್ದವು.

ಸೋನಿಗೆ ಜ್ವರ ಬಿಡದಿದ್ದಾಗ ನಾನು ಎರಡೂ ಬೆಕ್ಕುಗಳ ರಕ್ತ ತೆಗೆದು ಲ್ಯಾಬಿಗೆ ಕಳಿಸಿದೆ. ಎರಡರಲ್ಲೂ ಫೆಲೈನ್ ಲ್ಯುಕೇಮಿಯಾ ವೈರಸ್ ಇತ್ತು. ಇದು ಜೊಲ್ಲಿನ ಮೂಲಕ ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತದೆ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ, ಮುಂದೆ ರಕ್ತದ ಕ್ಯಾನ್ಸರ್ ಅಥವಾ ಗಡ್ಡೆಗಳನ್ನೂ ತರಬಲ್ಲದು. ಮನುಷ್ಯರಿಗೆ ಅಂಟುವುದಿಲ್ಲ.

ವರದಿ ಬಂದ ಕೂಡಲೇ ವಿದ್ಯಾಗೆ ಫೋನ್ ಮಾಡಿದೆ. ಪ್ರಾಣಿಗಳನ್ನೂ ‘ಇವರು, ಅವರು’ ಎನ್ನುವುದು ನನ್ನ ರೂಢಿ. ಅವಳು ಸ್ಪೀಕರ್ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳಂತೆ.

“ಇಬ್ಬರನ್ನೂ ಬ್ಯಾರೆ ಮಾಡ್ರಿ,” ಎಂದೆ. “ಒಂದ ತಾಟಿನ್ಯಾಗ ಉಣ್ಣೂದು ಇವತ್ತಿಂದ ಬಂದ್.”

ಸುಮಿತ್ರಾಬಾಯಿಯ ಕಿವಿಗೆ ಬಿದ್ದದ್ದು ಇಷ್ಟೇ. ನಮ್ಮ ಕಡೆ ‘ಬ್ಯಾರೆ ಆದರು’ ಎಂದರೆ ಮನೆ ಪಾಲಾಯಿತು, ಒಲೆ ಎರಡಾಯಿತು ಎಂದೇ ಅರ್ಥ. ಮರುದಿನ ಬಾಗಿಲು ತೆರೆಯುವ ಮೊದಲೇ ಅವರು ದವಾಖಾನೆಯ ಮುಂದೆ ನಿಂತಿದ್ದರು.

“ನಮ್ಮ ಮನಿ ಒಡ್ಯಾಕ ನೀವ್ಯಾರ್ರಿ ಡಾಕ್ಟ್ರ? ಅಕಿ ಎಷ್ಟ್ ಕೊಟ್ಟಾಳ ನಿಮಗ?”

ಬೆಕ್ಕಿನ ಮಾತು ಎಂದು ತಿಳಿಹೇಳಿದೆ. ಅವರು ನಂಬಲಿಲ್ಲ. ಅಷ್ಟರಲ್ಲಿ ವಿದ್ಯಾ ಮರಿಯನ್ನು ಎತ್ತಿಕೊಂಡು ಬಂದಳು. ಇಬ್ಬರೂ ಪರಸ್ಪರ ಮುಖ ನೋಡದೆ ನನ್ನೊಡನೆಯೇ ಮಾತಾಡಿದರು.

“ಅವರ ಬೆಕ್ಕೇ ನನ್ನ ಮರಿಗೆ ಕ್ಯಾನ್ಸರ್ ಹಚ್ಚೇತ್ರಿ. ಕಾಶಿಗೆ ಸೂಜಿ ಮಾಡಿ ಮಲಗಿಸ್ರಿ,” ಎಂದಳು ವಿದ್ಯಾ. ಮಲಗಿಸುವುದು ಎಂದರೆ ಕೊಲ್ಲುವುದು. ಆರಾಮಾಗಿದ್ದ ಬೆಕ್ಕನ್ನು ಕೊಲ್ಲೆಂದು ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

“ಟೆಸ್ಟು ವೈರಸ್ ಯಾರ ಹತ್ರ ಐತಿ ಅಂತ ಹೇಳ್ತೈತಿ, ಯಾರು ತಂದ್ರು ಅಂತಲ್ಲ,” ಎಂದೆ. “ಇನ್ನೊಮ್ಮೆ ರಕ್ತ ನೋಡೂತನ ನಾ ಸೂಜಿ ಮುಟ್ಟಂಗಿಲ್ಲ.”

ಕಾಯಲು ಕಾರಣವಿತ್ತು. ವೈರಸ್ ಹೊಕ್ಕ ಬೆಕ್ಕುಗಳೆಲ್ಲ ಸಾಯುವುದಿಲ್ಲ. ಬೆಳೆದ, ಗಟ್ಟಿಮುಟ್ಟಾದ ಬೆಕ್ಕಿನ ದೇಹ ಕೆಲವು ವಾರಗಳಲ್ಲಿ ಅದನ್ನು ಹತ್ತಿಕ್ಕಬಲ್ಲದು. ವೈರಸ್ಸಿನ ಅಂಶ ಜೀವಕೋಶಗಳಲ್ಲಿ ಅಡಗಿ ಉಳಿದರೂ ರಕ್ತದಲ್ಲಿ ಸುಳಿಯುವುದಿಲ್ಲ. ಮರಿಗಳಿಗೆ ಆ ಶಕ್ತಿ ಕಡಿಮೆ. ಯಾವುದು ಗೆಲ್ಲುತ್ತದೆಂದು ತಿಳಿಯುವತನಕ ಎರಡನ್ನೂ ಬೇರೆ ಇಡಬೇಕು. ಇದನ್ನೆಲ್ಲ ಬಿಡಿಸಿ ಹೇಳಿದೆ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಕೆಲವು ವಾರಗಳ ನಂತರ ಎರಡನೆಯ ಪರೀಕ್ಷೆಯ ವರದಿ ಕೇಳಲು ಇಬ್ಬರೂ ದವಾಖಾನೆಗೆ ಬಂದರು. ಕಾಶಿಯ ರಕ್ತದಲ್ಲಿ ವೈರಸ್ ಕಾಣಲಿಲ್ಲ. ಸೋನಿಯಲ್ಲಿ ಹಾಗೇ ಇತ್ತು. ಸುಮಿತ್ರಾಬಾಯಿ ಸೆರಗು ಸಿಕ್ಕಿಸಿಕೊಂಡರು.

“ಈಗ ಆ ಮರಿಗೆ ಸೂಜಿ ಮಾಡ್ರಿ ಡಾಕ್ಟ್ರ. ಅಕೀನ ಕೇಳಿದ್ಲಲ್ಲ.”

“ಹೊರಗ ನಡೀರಿ ಇಬ್ಬರೂ,” ಎಂದು ನಾನು ಕೂಗಿದೆ. ಸಿಟ್ಟು ಬಂದಿತ್ತು, ಮುಚ್ಚಿಡಲಿಲ್ಲ. ಇಬ್ಬರೂ ಬೇರೆ ಬೇರೆ ರಿಕ್ಷಾ ಹಿಡಿದು ಒಂದೇ ಮನೆಗೆ ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಸೋನಿಯ ಎದೆಯಲ್ಲಿ ಗಡ್ಡೆ ಬೆಳೆದು ಉಸಿರಾಟ ಕಷ್ಟವಾಯಿತು. ಔಷಧಿ ನಾಟಲಿಲ್ಲ. ವಿದ್ಯಾ ಮನೆಗೆ ಕರೆದಳು. ಅಡುಗೆಮನೆ ದಾಟುವಾಗ ಕಂಡೆ: ಒಂದೇ ಕಟ್ಟೆಯ ಮೇಲೆ ಎರಡು ಗ್ಯಾಸ್ ಒಲೆ, ನಡುವೆ ನೆಟ್ಟಗೆ ನಿಲ್ಲಿಸಿದ ಒಂದು ಹಲಗೆ. ವಿದ್ಯಾಳ ಕೋಣೆಯ ಮುಚ್ಚಿದ ಬಾಗಿಲಿಗೆ ಮೈ ಒತ್ತಿಕೊಂಡು ಕಾಶಿ ಕೂತಿತ್ತು. ದಿನವೂ ಹೀಗೇ ಕೂರುತ್ತದಂತೆ.

“ಭಾಳ ತ್ರಾಸ ಆಗಾಕತ್ತೇತ್ರಿ ಅದಕ್ಕ,” ಎಂದಳು ವಿದ್ಯಾ. “ಇವತ್ತು ನಾನ ಹೇಳ್ತೇನಿ, ಸೂಜಿ ಮಾಡ್ರಿ.” ಆಮೇಲೆ ತಲೆ ಎತ್ತದೆ ಕೇಳಿದಳು, “ಕಾಶೀನ ಒಳಗ ಬಿಡಬಹುದಾ?”

ಕಾಶಿಯ ಮೈ ಒಮ್ಮೆ ಗೆದ್ದ ವೈರಸ್ಸು ಅದು, ಹೆದರುವ ಕಾರಣ ಕಡಿಮೆ. ಬಿಡ್ರಿ ಎಂದೆ. ಕಾಶಿ ಒಳಬಂದು ಮರಿಯ ಕಿವಿ ನೆಕ್ಕುತ್ತಾ ಕೂತಿತು, ನಾನು ಸೂಜಿ ಚುಚ್ಚುವಾಗಲೂ ನೆಕ್ಕುತ್ತಲೇ ಇತ್ತು. ಸುಮಿತ್ರಾಬಾಯಿ ಹೊಸ್ತಿಲ ಹೊರಗೇ ನಿಂತಿದ್ದರು. ಅವರು ಒಳಗೆ ಬರಲಿಲ್ಲ, ಇವಳು ಕರೆಯಲಿಲ್ಲ.

ಹೊರಡುವಾಗ ಸುಮಿತ್ರಾಬಾಯಿ ಮೆಲ್ಲಗೆ ಕೇಳಿದರು, “ಇನ್ನ ಬ್ಯಾರೆ ಇಡೂದೇನ್ ಬ್ಯಾಡಲ್ರಿ?”

“ಬೆಕ್ಕಿಗೆ ಬ್ಯಾಡ್ರಿ,” ಎಂದೆ. ಒಲೆಯ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂದಿನಿಂದ ಫೋನಿನಲ್ಲಿ ನಾನು ಬೆಕ್ಕನ್ನು ಬೆಕ್ಕು ಎಂದೇ ಹೇಳುತ್ತೇನೆ, ಹೆಸರು ಹಿಡಿದು ಹೇಳುತ್ತೇನೆ. ವೃತ್ತಿ ಕಲಿಸಿದ ಪಾಠ ಅಷ್ಟೇ. ನಾನು ಬೇರೆ ಇರಲು ಹೇಳಿದ್ದು ಬೆಕ್ಕುಗಳಿಗೆ. ಅವುಗಳನ್ನು ಬಾಗಿಲು ಹಾಕಿ ಬೇರೆ ಇಡಬೇಕಾಯಿತು. ನನ್ನ ಮಾತನ್ನು ತಾವಾಗಿಯೇ ಪಾಲಿಸಿದವರು ಆ ಹೆಂಗಸರಿಬ್ಬರು.