ಬೈಯದೆ ರಿಪೇರಿಯಿಲ್ಲ

ಕಡಬದಲ್ಲಿ ಪುಟ್ಟ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಕಾಸಿಂ ಬೈಯದೆ ಏನನ್ನೂ ರಿಪೇರಿ ಮಾಡಿದವನಲ್ಲ. ಆನ್‌ಲೈನಿನಲ್ಲಿ ತರಿಸಿದ ಲ್ಯಾಪ್‌ಟಾಪ್ ಕೆಟ್ಟು ಬಂದರೆ, "ತರಿಸುವಾಗ ನನ್ನ ನೆನಪಿಲ್ಲ, ಹಾಳಾದ ಮೇಲೆ ಕಾಸಿಂ ಬೇಕಲ್ಲ ಮಾರಾಯ್ರೆ?" ಎನ್ನುತ್ತಲೇ ಬಿಚ್ಚುತ್ತಿದ್ದ. ಒಳಗೆ ಗೂಡು ಕಟ್ಟಿದ ಇರುವೆಗಳಿಗೂ ಬೈಗುಳ. ಗಿರಾಕಿಗಳು ಕಡಿಮೆಯಾದಂತೆ ಉಳಿದವರ ಪಾಲಿನ ಬೈಗುಳ ಹೆಚ್ಚಾಯಿತು. ಸತ್ತ ಹಾರ್ಡ್‌ಡಿಸ್ಕುಗಳನ್ನು ಮಾತ್ರ ಎಸೆಯುತ್ತಿರಲಿಲ್ಲ. ತಿಂಗಳುಗಟ್ಟಲೆ ಕೂತು ಒಳಗಿನ ಫೋಟೋಗಳನ್ನು ಹೊರತೆಗೆಯುತ್ತಿದ್ದ. ಅವನು ತೀರಿಕೊಂಡ ಮೇಲೆ ಅಂಗಡಿ ಖಾಲಿ ಮಾಡುವಾಗ, ಕೋಡಿಂಬಾಳದ ಗಿರಾಕಿ ಪೂವಮ್ಮನವರ ಹೆಸರು ಬರೆದಿಟ್ಟ ಒಂದು ಪೆನ್‌ಡ್ರೈವ್ ಸಿಕ್ಕಿತು. ಅದರಲ್ಲಿ, ಅವರು ಹೋದವೆಂದೇ ತಿಳಿದಿದ್ದ, ತೀರಿಹೋದ ಮಗಳ ಮದುವೆಯ ಫೋಟೋಗಳು. ಅವರ ಮನೆಗೆ ತಲುಪಿಸಲು ಹೋದೆ. "ಸ್ವಲ್ಪ ಬೈದು ಕೊಡಿ, ಕಾಸಿಂ ಕೊಟ್ಟ ಹಾಗೆ ಆಗ್ಲಿ," ಎಂದರು. "ಇಷ್ಟು ದಿನ ಬಂದು ಕೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದು ಗದರಿಸಿದೆ. ಪೂವಮ್ಮ ಕಣ್ಣೊರೆಸಿಕೊಂಡು ನಕ್ಕರು: "ಸಾಲ್ದು. ಕಾಸಿಂ ಇನ್ನೂ ಜೋರು."