ಜರ್ಮನಿ ಮಾಲಿನ ಮೆಕ್ಯಾನಿಕ್

ಹೊಸಪೇಟೆಯಲ್ಲಿ ಸುರುಳಿ ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರಿದ್ದರು. "ಮಾಲಂದ್ರ ಜರ್ಮನಿದು ರೀ, ಜಪಾನಿಂದು ಹುಡುಗ್ರ ಆಟಿಕಿ," ಎಂಬುದು ಅವರ ಮಾತು. ಜರ್ಮನಿ ಯಂತ್ರ ಮುಟ್ಟುವ ಮುಂಚೆ ಕೈ ತೊಳೆಯುತ್ತಿದ್ದರು. ಜಪಾನಿನದನ್ನು ಕಾಲಿನಿಂದಲೇ ಮೇಜಿನ ಕೆಳಗೆ ತಳ್ಳುತ್ತಿದ್ದರು.

ನನಗೆ ಮೊಮ್ಮಗಳು ಹುಟ್ಟಿದಳು! ತೀರಿಹೋದ ನಮ್ಮವ್ವ ಹಾಡಿದ ಜೋಗುಳದ ಸುರುಳಿಯೊಂದು ಮನೆಯಲ್ಲಿತ್ತು. ತೊಟ್ಟಿಲಿಗೆ ಹಾಕುವ ದಿನ ಅದನ್ನೇ ಕೇಳಿಸಬೇಕೆಂದು ಕಂಪ್ಲಿಯಿಂದ ಬಸ್ಸು ಹತ್ತಿ ಆ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಜರ್ಮನಿ ಯಂತ್ರಕ್ಕೆ ಹಾಕಿದರು. ಅವ್ವ ಇಲಿಯ ಹಾಗೆ ಕೀಚ್ ಕೀಚ್ ಎಂದಳು.

"ನಿಮ್ಮವ್ವ ಅವಸರದಾಗ ಹಾಡ್ಯಾರವ್ವ."

"ನಮ್ಮವ್ವ ರೊಟ್ಟಿನೂ ಸಾವಕಾಶ ಬಡೀತಿದ್ಲು. ಅವಸರ ನಿಮ್ಮ ಜರ್ಮನಿಗೇ ಐತ್ರೀ!" ಎಂದೆ.

ಆ ಸುರುಳಿಗೆ ಬೇಕಾದ ನಿಧಾನದ ವೇಗ ಜರ್ಮನಿ ಯಂತ್ರದಲ್ಲಿ ಇರಲೇ ಇಲ್ಲ. ಅವರು ಅದರ ಗುಂಡಿಗಳನ್ನೆಲ್ಲ ತಿರುವಿ ನೋಡಿದರು. ಕೊನೆಗೆ ಬಗ್ಗಿ ಜಪಾನಿನ ಯಂತ್ರ ಎಳೆದರು. ಅವ್ವ ಅವ್ವನಾಗಿಯೇ ಹಾಡಿದಳು. ನಾನು ಅಳುತ್ತಲೇ ನಕ್ಕೆ.

ತೊಟ್ಟಿಲ ದಿನ ಆ ಯಂತ್ರವನ್ನು ಅವರೇ ಎದೆಗವಚಿಕೊಂಡು ಕಂಪ್ಲಿಗೆ ತಂದರು. ಮೊಮ್ಮಗಳು ಮುತ್ತಜ್ಜಿಯ ಹಾಡು ಕೇಳುತ್ತ ನಿದ್ದೆಹೋದಳು. ಯಂತ್ರದ ಮೇಲೆ ಜಪಾನಿನ ಕಂಪನಿಯ ಹೆಸರಿದ್ದ ಜಾಗಕ್ಕೆ ಮಾತ್ರ ಮೆಕ್ಯಾನಿಕ್, ಒಂದಕ್ಷರವೂ ಕಾಣದಷ್ಟು ದಪ್ಪಗೆ ವಿಭೂತಿ ಬಳಿದಿದ್ದರು.